ಆಮೆಯ ನಾಡಿ

ನನ್ನ ತಂಗಿಯ ಗಂಡನಿಗೆ ನಾನು ಇಟ್ಟ ಹೆಸರು ಸೀಟಿ. ಮುಖದೆದುರು ಕರೆದಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದೇನೆ. ಅವನು ಈಜುಕೊಳದ ಕೋಚ್. ಕತ್ತಿನಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ, ಊಟಕ್ಕೆ ಕೂತಾಗಲೂ. ಮದುವೆಯಾದ ಹೊಸದರಲ್ಲಿ ತಂಗಿ ಅದನ್ನು ಬಿಚ್ಚಿಡಲು ಹೇಳಿ ನೋಡಿದಳು. ಆಮೇಲೆ ಸುಮ್ಮನಾದಳು. ಸುಮ್ಮನಾಗುವುದರಲ್ಲಿ ನನ್ನ ತಂಗಿಯನ್ನು ಮೀರಿಸುವವರಿಲ್ಲ.

ಅವನ ಕೊಳದಲ್ಲಿ ಇಪ್ಪತ್ತೆರಡು ಮಕ್ಕಳು, ಹತ್ತರಿಂದ ಹದಿನಾರು ವಯಸ್ಸಿನವರು. ಬಟ್ಟೆ ಬದಲಿಸುವ ಕೋಣೆಗಳ ನಡುವಿನ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಇಪ್ಪತ್ತೆರಡು ಮೊಳೆ ಹೊಡೆದಿದ್ದಾನೆ. ಒಂದೊಂದು ಮಗುವಿಗೆ ಒಂದೊಂದು ಉದ್ದನೆಯ ಮರದ ಪಟ್ಟಿ, ಕಪ್ಪು ಬಣ್ಣ ಬಳಿದದ್ದು, ಎಡತುದಿಯಲ್ಲಿ ಹೆಸರು, ಆಮೇಲೆ ವಾರದಿಂದ ವಾರಕ್ಕೆ ನಾಡಿಯ ಎಣಿಕೆ. ಸೋಮವಾರ ಬೆಳಿಗ್ಗೆ ಮಕ್ಕಳು ಬಂದ ತಕ್ಷಣ ಬೆಂಚಿನ ಮೇಲೆ ಹತ್ತು ನಿಮಿಷ ಮಲಗಬೇಕು. ಸೀಟಿ ಒಬ್ಬೊಬ್ಬರದೇ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿ, ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಯಾರ ನಾಡಿ ಎಲ್ಲರಿಗಿಂತ ನಿಧಾನವೋ ಅವರ ಪಟ್ಟಿ ಮೊದಲನೇ ಮೊಳೆಗೆ. ಪಳಗಿದ ಹೃದಯ ಒಂದೇ ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ, ಹಾಗಾಗಿ ನಿಧಾನವಾಗಿ ಬಡಿದರೂ ಸಾಕಾಗುತ್ತದೆ. ಇದು ಸುಳ್ಳಲ್ಲ. ಆದರೆ ಅದನ್ನೇ ಮಕ್ಕಳ ಅಂಕಪಟ್ಟಿ ಮಾಡಿ ಗೋಡೆಗೆ ನೇತುಹಾಕಿದ ಮಹಾನುಭಾವ ಇವನೊಬ್ಬನೇ ಇರಬೇಕು.

ಮೊದಲನೇ ಮೊಳೆಯಲ್ಲಿ ಎರಡು ವರ್ಷದಿಂದ ಅವನ ಮಗಳದೇ ಪಟ್ಟಿ. ಹದಿನಾಲ್ಕು ವರ್ಷದ ಹುಡುಗಿ, ನಾಡಿ ನಲವತ್ತೆರಡು. ಅದಕ್ಕೇ ಅವಳಿಗೆ ಆಮೆ ಅಂತ ಹೆಸರು ಬಿತ್ತು. ನೀರಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುವವಳಿಗೆ ಆಮೆ ಎಂಬ ಹೆಸರು, ಅದರಲ್ಲಿ ಅವಳಿಗೆಷ್ಟು ಜಂಬ. ಮನೆಗೆ ಯಾರಾದರೂ ಬಂದರೆ ಸೀಟಿ ಅವಳ ಕೈ ಹಿಡಿದು ಅವರ ಮುಂದೆ ಚಾಚುತ್ತಿದ್ದ. "ಎಣಿಸಿ ನೋಡಿ, ಎಣಿಸಿ" ಅನ್ನುತ್ತಿದ್ದ. ಬಂದವರು ಪಾಪ, ಕಾಫಿ ಲೋಟ ಕೆಳಗಿಟ್ಟು ಮಗುವಿನ ನಾಡಿ ಹಿಡಿದು ಕೂರಬೇಕಿತ್ತು. ಮಗು ಉಸಿರು ಬಿಗಿಹಿಡಿದು, ಇನ್ನಷ್ಟು ನಿಧಾನವಾಗಲಿ ಅಂತ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿತ್ತು. ಅಪ್ಪ ಅವಳನ್ನು ಮುಟ್ಟುತ್ತಿದ್ದದ್ದು ಆ ಮಣಿಕಟ್ಟಿನಲ್ಲಿ ಮಾತ್ರ ಅಂತ ನನಗೆ ಆಗಲೇ ಅನಿಸಿತ್ತು. ಹೇಳಿದರೆ ತಂಗಿ ನೊಂದುಕೊಳ್ಳುತ್ತಾಳೆ ಅಂತ ಹೇಳಲಿಲ್ಲ.

ನಾನು ಹೃದಯದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವಳು. ಇಪ್ಪತ್ತಾರು ವರ್ಷವಾಯಿತು. ಪರದೆ ಹಿಂದೆ ಒಂದು ಮಂಚ, ಒಂದು ಯಂತ್ರ, ಹತ್ತು ವೈರು. ಎದೆ ಮೇಲೆ ಆರು, ಕೈಗೆ ಎರಡು, ಕಾಲಿಗೆ ಎರಡು. ಜೆಲ್ಲಿ ಹಚ್ಚುವಾಗ ದೊಡ್ಡವರು "ತಣ್ಣಗಿದೆ" ಅಂತ ಗೊಣಗುತ್ತಾರೆ, ಮಕ್ಕಳು ಕಿಸಕ್ಕನೆ ನಗುತ್ತವೆ, ನಕ್ಕರೆ ಗೆರೆ ಹಾಳಾಗುತ್ತದೆ, ಮತ್ತೆ ಮೊದಲಿನಿಂದ ತೆಗೆಯಬೇಕು. ಸೀಟಿಯ ಲೆಕ್ಕದಲ್ಲಿ ಇದು "ವೈರ್ ಅಂಟಿಸೋ ಕೆಲಸ." ತಂಗಿಯ ಮನೆಯಲ್ಲಿ ಹತ್ತು ಜನರ ಮುಂದೆ ಹಾಗೆ ಅಂದಿದ್ದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಾತು ಹನ್ನೊಂದು ವರ್ಷವಾದರೂ ನನ್ನ ಹೊಟ್ಟೆಯೊಳಗೆ ಕರಗದೆ ಕೂತಿದೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಒಂದು ದಿನ ಸೀಟಿ ಮಗಳನ್ನು ಕರೆದುಕೊಂಡು ಬಂದ. ಕ್ರೀಡಾ ಶಾಲೆಯ ಆಯ್ಕೆಗೆ ಹೃದಯದ ವರದಿ ಬೇಕಂತೆ.

"ಏನಿಲ್ಲ ಅಕ್ಕಾ, ಸುಮ್ನೆ ಒಂದು ಇಸಿಜಿ. ಸೀಲ್ ಹೊಡೆಸಿಕೊಟ್ರೆ ಆಯ್ತು. ಹನ್ನೊಂದು ಗಂಟೆಗೆ ನಂಗೆ ಕೊಳದಲ್ಲಿ ಕ್ಲಾಸಿದೆ."

ಆಮೆ ಮಂಚದ ಮೇಲೆ ಮಲಗಿದಳು. ಮೈಯಿಂದ ಕೊಳದ ಔಷಧಿಯ ವಾಸನೆ, ಕೂದಲು ಪೊರಕೆಯ ಹಾಗೆ ಒರಟು. ಜೆಲ್ಲಿ ಹಚ್ಚಿದರೆ ನಗಲಿಲ್ಲ. ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದಳು.

"ಉಸಿರಾಡೇ ಪುಟ್ಟಿ. ಇಲ್ಲಿ ಯಾರೂ ಎಣಿಸಲ್ಲ."

"ಯಂತ್ರ ಎಣಿಸತ್ತಲ್ಲ ದೊಡ್ಡಮ್ಮ" ಅಂದಳು, ಕಣ್ಣು ತೆರೆಯದೆ.

ಕಾಗದ ಹೊರಬಂತು. ನಿಧಾನ ಸರಿ, ಅದು ನನಗೆ ಗೊತ್ತಿದ್ದದ್ದೇ. ಆದರೆ ಮೇಲಕ್ಕೆ ಹೋಗಬೇಕಿದ್ದ ಅಲೆ ಕೆಳಕ್ಕೆ ಹೋಗಿತ್ತು, ಒಂದಲ್ಲ, ಸಾಲಾಗಿ ನಾಲ್ಕು ಕಡೆ. ಎರಡು ವರ್ಷದ ಹಿಂದೆ ಒಬ್ಬ ಹದಿನಾರರ ಹುಡುಗ ಇದೇ ಮಂಚದಲ್ಲಿ ಮಲಗಿ ಇಂಥದೇ ಕಾಗದ ಬಿಟ್ಟು ಹೋಗಿದ್ದ. ಆಟ ನಿಲ್ಲಿಸಿ ಅಂದಿದ್ದಕ್ಕೆ ಅವನ ಅಪ್ಪ ಬೇರೆಲ್ಲೋ ಸೀಲ್ ಹೊಡೆಸಿಕೊಂಡ. ಆರು ವಾರಕ್ಕೆ ಹುಡುಗ ಚೆಂಡಿನ ಹಿಂದೆ ಓಡುತ್ತ ಮುಗ್ಗರಿಸಿದವನು ಏಳಲೇ ಇಲ್ಲ. ನಾನು ಸೀಲಿನ ಮಾತೆತ್ತದೆ ಕಾಗದವನ್ನು ನೇರ ಡಾಕ್ಟರ್ ಮೇಡಂ ಕೈಗೆ ಕೊಟ್ಟೆ.

ಮೇಡಂ ತಾವೇ ಎಕೋ ಮಾಡಿದರು, ಆಮೇಲೆ ದೊಡ್ಡ ಯಂತ್ರದಲ್ಲಿ ಚಿತ್ರವನ್ನೂ ತೆಗೆಸಿದರು. ಎರಡು ದಿನ ಬಿಟ್ಟು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ನಾನು ಪಕ್ಕದಲ್ಲಿ ನಿಂತಿದ್ದೆ.

"ಹೃದಯ ಸ್ವಲ್ಪ ದೊಡ್ಡದಾಗಿದೆ."

"ಈಜೋರ ಹೃದಯ ದೊಡ್ಡದೇ ಇರತ್ತೆ ಮೇಡಂ" ಅಂದ ಸೀಟಿ, ಬಹುಮಾನ ಬಂದವನ ಹಾಗೆ ಮುಖ ಅರಳಿಸಿ.

"ದೊಡ್ಡದಾಗಿರೋದಕ್ಕಲ್ಲ ನಂಗೆ ಯೋಚನೆ. ಹೃದಯದ ಗೋಡೆ ದಪ್ಪ ಆಗಿದೆ. ಈ ವಯಸ್ಸಿನ ಹುಡುಗಿಗೆ ಎಂಟೋ ಒಂಬತ್ತೋ ಮಿಲಿಮೀಟರ್ ಇರಬೇಕು, ಇವಳಿಗೆ ಹನ್ನೆರಡಿದೆ. ಈಜಿ ಈಜಿ ದಪ್ಪ ಆಗಿರಬಹುದು. ಹುಟ್ಟಿನಿಂದ ಬಂದ ಕಾಯಿಲೆನೂ ಆಗಿರಬಹುದು. ಈಜಿನಿಂದ ಆಗಿದ್ರೆ ಏನೂ ಭಯ ಇಲ್ಲ. ಕಾಯಿಲೆ ಆಗಿದ್ರೆ ಒಂದು ದಿನ ನೀರಲ್ಲೇ ನಿಂತುಹೋಗಬಹುದು. ಚಿತ್ರ ನೋಡಿದ್ರೆ ಎರಡೂ ಒಂದೇ ಥರ ಕಾಣತ್ತೆ."

"ಹಾಗಾದ್ರೆ ಗೊತ್ತಾಗೋದು ಹೇಗೆ?" ಅಂದಳು ತಂಗಿ.

"ಮೂರು ತಿಂಗಳು ಸುಮ್ನೆ ಕೂರಿಸಿ. ಈಜು ಬೇಡ, ಓಟ ಬೇಡ, ಮೆಟ್ಟಿಲು ಹತ್ತೋದಾದ್ರೂ ನಿಧಾನಕ್ಕೆ. ಈಜಿ ಬೆಳೆದ ಗೋಡೆ ಆದ್ರೆ ಕೂತಮೇಲೆ ಇಳಿಯತ್ತೆ. ಇಳೀದಿದ್ರೆ ಕಾಯಿಲೆ. ಇಷ್ಟೇ ಲೆಕ್ಕ."

ಆಮೇಲೆ ಮೇಡಂ ಆಮೆಯ ಕಡೆ ತಿರುಗಿದರು. ಒಳ್ಳೆಯ ಹೆಂಗಸು, ಮಕ್ಕಳೆಂದರೆ ಪ್ರೀತಿ. ಮಗುವಿನ ಮುಖ ಸಪ್ಪಗಾಗಿದ್ದು ನೋಡಿ ಗಲ್ಲ ತಟ್ಟಿ ಅಂದರು, "ಮೂರು ತಿಂಗಳಾದ್ಮೇಲೆ ಇನ್ನೊಂದು ಪರೀಕ್ಷೆ. ಪಾಸಾದ್ರೆ ಅವತ್ತೇ ನೀರಿಗೆ ಬೀಳು, ಆಯ್ತಾ?"

ಆಮೆ ತಲೆಯಾಡಿಸಿದಳು. ಆ ಒಂದು ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅವತ್ತು ಆ ಕೋಣೆಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಸೀಟಿಯನ್ನು ನಾನು ಎಷ್ಟು ಬೈದರೂ ಇದೊಂದನ್ನು ಹೇಳಲೇಬೇಕು. ಅವನು ಮಾತು ಮೀರಲಿಲ್ಲ. ಮಗಳ ಈಜುಡುಗೆ, ಕನ್ನಡಕ, ಟೋಪಿ ಎಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ. ಶಾಲೆಗೆ ಚೀಟಿ ಬರೆದುಕೊಟ್ಟ. ಆದರೆ ಸೋಮವಾರ ಬೆಳಿಗ್ಗೆ ಅವಳನ್ನೂ ಕೊಳಕ್ಕೆ ಕರೆದುಕೊಂಡು ಹೋದ, ಬೆಂಚಿನ ಮೇಲೆ ಮಲಗಿಸಿದ, ನಾಡಿ ಎಣಿಸಿದ, ಪಟ್ಟಿಯ ಮೇಲೆ ಬರೆದ. ಪಟ್ಟಿ ತೆಗೆದರೆ ಮಗು ನೊಂದುಕೊಳ್ಳುತ್ತೆ ಅಂತ ತಂಗಿಯ ಹತ್ತಿರ ಹೇಳಿದನಂತೆ. ತಂಗಿಗೂ ಅದು ಸರಿಯೆಂದೇ ಕಂಡಿತು. ನನ್ನ ಹತ್ತಿರ ಬಂದು, "ನೋಡು ಅಕ್ಕ, ನೀನು ಅವರನ್ನ ಕಲ್ಲುಗುಂಡಿಗೆ ಅಂತೀಯಲ್ಲ" ಅಂತ ಬೇರೆ ಹೇಳಿದಳು. ನನಗೂ ಅದರಲ್ಲಿ ತಪ್ಪೇನೂ ತೋಚಲಿಲ್ಲ. ಇಪ್ಪತ್ತಾರು ವರ್ಷ ಹೃದಯದ ಆಸ್ಪತ್ರೆಯಲ್ಲಿ ಸವೆಸಿದವಳು ನಾನು, ನನಗೂ ತೋಚಲಿಲ್ಲ.

ಕೂತರೆ ನಾಡಿ ಏರುತ್ತದೆ. ಏರಲೇಬೇಕು. ನಲವತ್ತೆರಡು ಇದ್ದದ್ದು ನಲವತ್ತಾರಾಯಿತು, ಐವತ್ತೊಂದಾಯಿತು. ಪಟ್ಟಿ ಮೊದಲನೇ ಮೊಳೆಯಿಂದ ನಾಲ್ಕಕ್ಕೆ ಇಳಿಯಿತು, ನಾಲ್ಕರಿಂದ ಒಂಬತ್ತಕ್ಕೆ. ಮೊದಲನೇ ಮೊಳೆಗೆ ಕಪ್ಪೆ ಎಂಬ ಹುಡುಗಿಯ ಪಟ್ಟಿ ಏರಿತು. ಐದನೇ ವಾರ ಅರವತ್ತು. ಸೀಟಿ ಮಣಿಕಟ್ಟು ಬಿಟ್ಟು, ಎಲ್ಲ ಮಕ್ಕಳಿಗೂ ಕೇಳುವಂತೆ, "ಅರವತ್ತು. ಊರಿನವರೆಲ್ಲರ ಹಾಗೆ" ಅಂದನಂತೆ. ಬೈದದ್ದಲ್ಲ, ಬರೀ ಅಂದದ್ದು. ಪಟ್ಟಿಯನ್ನು ಹದಿನೇಳನೇ ಮೊಳೆಗೆ ಹಾಕಿದ. ಮಕ್ಕಳು ಸುಮ್ಮನಿರುತ್ತವೆಯೇ? ಅವತ್ತಿನಿಂದ ಆಮೆಯನ್ನು ಮೊಲ ಅಂತ ಕರೆಯಲು ಶುರುಮಾಡಿದವು.

ಪಟ್ಟಿ ಇಳಿದ ಈ ಕಥೆ ನನಗೆ ಗೊತ್ತಾದದ್ದು ಹತ್ತನೇ ವಾರದಲ್ಲಿ. ತಂಗಿ ಕೊಳದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ. ತನ್ನ ಕನ್ನಡಕವನ್ನು ನಮ್ಮ ಮನೆಯಲ್ಲಿ ಮರೆತು ಹೋಗಿದ್ದಳು, ಕೊಡಲು ಹೋದೆ. ಅವಳು ಯಾರೊಡನೆಯೋ ಮಾತಾಡುತ್ತಿದ್ದಳು. ನಾನು ಸುಮ್ಮನೆ ಒಳಗೆ ಹೋಗಿ ಗೋಡೆ ನೋಡುತ್ತ ನಿಂತೆ. ಆಮೆಯ ಪಟ್ಟಿ ಮೂರನೇ ಮೊಳೆಯಲ್ಲಿತ್ತು. ಓದಿದೆ: ನಲವತ್ತೆರಡು, ನಲವತ್ತಾರು, ಐವತ್ತೊಂದು, ಐವತ್ತೇಳು, ಅರವತ್ತು, ಅರವತ್ತು, ಐವತ್ತಾರು, ಐವತ್ತೆರಡು, ನಲವತ್ತೆಂಟು, ನಲವತ್ತೈದು.

ಏರಿ ಇಳಿಯುವ ಗೆರೆ ಓದುವುದೇ ನನ್ನ ಕೆಲಸ. ಸುಮ್ಮನೆ ಕೂತ ಹೃದಯ ಏರುತ್ತದೆ, ಏರಿದಲ್ಲೇ ನಿಲ್ಲುತ್ತದೆ. ತಾನಾಗಿ ಇಳಿಯುವುದಿಲ್ಲ.

ಹಿಂದಿನಿಂದ ಸೀಟಿ ಬಂದ. "ನೋಡಿದ್ರಾ ಅಕ್ಕಾ? ಕೂತಿದ್ರೂ ನಲವತ್ತೈದು. ಅದು ಹುಟ್ಟುಗುಣ. ನಿಮ್ಮ ಮೇಡಂಗೆ ಹೇಳಿ" ಅಂದ. ಕೋಚಂತೆ, ಕೋಚ್. ನಾಡಿ ಎಣಿಸಲು ಬರುತ್ತದೆ, ಓದಲು ಬರುವುದಿಲ್ಲ. ನಾನು ತಂಗಿಗೆ ಕನ್ನಡಕ ಕೊಟ್ಟು ಹೊರಟೆ.

ಮಾರನೆಯ ದಿನ ಮಧ್ಯಾಹ್ನ ರಜೆ ಹಾಕಿ ಅವರ ಮನೆಗೆ ಹೋದೆ. ಒಂಬತ್ತು ಮಹಡಿಯ ಕಟ್ಟಡ, ಅವರದು ಎರಡನೆಯದು. ಶಾಲೆ ಬಿಟ್ಟ ಆ ಹೊತ್ತಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೊಳದಲ್ಲಿರುತ್ತಾರೆ. ಬಾಗಿಲಿಗೆ ಬೀಗ. ಲಿಫ್ಟಿನ ಪಕ್ಕದ ಮೆಟ್ಟಿಲ ಬಾಗಿಲು ತೆಗೆದು ಒಳಗೆ ನಿಂತೆ. ಎಲ್ಲರೂ ಲಿಫ್ಟಿನಲ್ಲೇ ಓಡಾಡುವುದರಿಂದ ಆ ಮೆಟ್ಟಿಲುಗಳಿಗೆ ಪೊರಕೆ ಕಂಡು ಎಷ್ಟೋ ದಿನವಾಗಿತ್ತು. ಧೂಳಿನ ನಡುವೆ, ಕಂಬಿಯ ಪಕ್ಕಕ್ಕೆ ಮಾತ್ರ ಒಂದು ಅಡಿ ಅಗಲಕ್ಕೆ ನೆಲ ಫಳಫಳ ಹೊಳೆಯುತ್ತಿತ್ತು. ಮೇಲಿನಿಂದ ಹೆಜ್ಜೆ ಸದ್ದು ಕೇಳಿತು.

ಆಮೆ ಇಳಿದು ಬಂದಳು. ಬೆನ್ನಿಗೆ ಶಾಲೆಯ ಚೀಲ, ಅದರ ತುಂಬ ನೀರಿನ ಬಾಟಲಿಗಳು. ನನ್ನನ್ನು ನೋಡಿ ನಿಂತಳು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಎಷ್ಟು ಸಲ?" ಅಂದೆ.

"ಹದಿನಾಲ್ಕು. ಮೇಲಿನ ಟ್ಯಾಂಕಿನ ತನಕ." ಗಲ್ಲ ಒರೆಸಿಕೊಂಡು ಅಂದಳು, "ಅಪ್ಪಂಗೆ ಹೇಳಬೇಡ ದೊಡ್ಡಮ್ಮ. ಅಮ್ಮಂಗೂ."

"ಡಾಕ್ಟರು ಸುಮ್ನೆ ಕೂತ್ಕೋ ಅಂದಿದ್ರಲ್ಲೇ."

"ಕೂತೆ. ಕೂತಿದ್ದಕ್ಕೆ ಅರವತ್ತಾಯ್ತು. ಹಾಗೇ ಹೋದ್ರೆ ಪರೀಕ್ಷೇಲಿ ಫೇಲಾಗ್ತೀನಿ." ದೊಡ್ಡವರಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬಂತೆ ನನ್ನನ್ನು ನೋಡಿದಳು. "ಈಗ ನಲವತ್ತೈದು. ಇನ್ನೆರಡು ವಾರ ಇದೆ. ಅಷ್ಟರಲ್ಲಿ ನಲವತ್ತೆರಡು ಆಗತ್ತೆ. ಕಪ್ಪೆ ನಲವತ್ತಮೂರು."

ಇಲ್ಲಿ ನಾನು ಏನು ಮಾಡಬೇಕಿತ್ತು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಮಗುವನ್ನು ಕೂರಿಸಿಕೊಂಡು, ಪುಟ್ಟೀ, ಈ ಪರೀಕ್ಷೆ ನಿಮ್ಮಪ್ಪನ ಪರೀಕ್ಷೆಯ ಥರದ್ದಲ್ಲ, ಇಲ್ಲಿ ಸೋಮಾರಿಗಳೇ ಪಾಸಾಗೋದು, ನೀನು ಹತ್ತಿದರೆ ಗೋಡೆ ಇಳಿಯಲ್ಲ, ಗೋಡೆ ಇಳಿಯದಿದ್ದರೆ ನಿನಗೆ ಕಾಯಿಲೆ ಅಂತ ಬರೆದುಬಿಡ್ತಾರೆ ಅನ್ನಬೇಕಿತ್ತು. ಮೇಡಂಗೆ ಹೇಳಿದ್ದರೆ ಇನ್ನೊಂದು ಮೂರು ತಿಂಗಳು ಕೊಡುತ್ತಿದ್ದರು. ಈ ವರ್ಷದ ಆಯ್ಕೆ ತಪ್ಪುತ್ತಿತ್ತು, ಸೀಟಿ ಕುಣಿದಾಡುತ್ತಿದ್ದ, ತಂಗಿ ಅಳುತ್ತಿದ್ದಳು, ಅಷ್ಟೇ. ಉತ್ತರ ಸಿಗುತ್ತಿತ್ತು.

ನಾನು ಹೇಳಲಿಲ್ಲ. ಆ ಮೆಟ್ಟಿಲ ಮೇಲೆ ನಿಂತು ನನ್ನ ತಲೆಯೊಳಗೆ ಬಂದ ಯೋಚನೆ ಬೇರೆ. ಇವಳು ಹೀಗೇ ಹತ್ತುತ್ತ ಇದ್ದರೆ ಗೋಡೆ ಹನ್ನೆರಡರಲ್ಲೇ ನಿಲ್ಲುತ್ತದೆ. ಮೇಡಂ ಬೇಡ ಅನ್ನುತ್ತಾರೆ. ಇವಳು ಇನ್ನೆಂದೂ ನೀರಿಗಿಳಿಯುವುದಿಲ್ಲ. ಆ ಹುಡುಗನ ಹಾಗೆ ಇವಳು ಬೀಳುವುದಿಲ್ಲ, ಕೊಳದ ಗೋಡೆಯ ಮೇಲೆ ಇವಳ ಪಟ್ಟಿ ಇರುವುದಿಲ್ಲ, ಬಂದವರ ಮುಂದೆ ಇವಳ ಕೈ ಚಾಚಿ ಎಣಿಸಿ ಅನ್ನಲು ಆ ಮನುಷ್ಯನಿಗೆ ಏನೂ ಉಳಿಯುವುದಿಲ್ಲ. ಮಗುವಿನ ಮೇಲಿನ ಹೆದರಿಕೆ ಅರ್ಧ, ಅವನ ಮೇಲಿನ ಹೊಟ್ಟೆಯುರಿ ಅರ್ಧ. ಅರ್ಧರ್ಧ ಅಂದದ್ದೂ ನನ್ನ ಮುಖ ಉಳಿಸಿಕೊಳ್ಳುವುದಕ್ಕೇ ಇರಬೇಕು. ನನಗೆ ನಿಜವಾಗಿ ಕಾಯಿಲೆಯ ಹೆದರಿಕೆ ಇದ್ದಿದ್ದರೆ ಅವಳನ್ನು ಅಲ್ಲೇ ತಡೆಯುತ್ತಿದ್ದೆ, ಬಾಟಲಿ ಹೊತ್ತು ಒಂಬತ್ತು ಮಹಡಿ ಹತ್ತುವ ಎದೆ ಮುಂದಿನ ಮೆಟ್ಟಿಲಲ್ಲೇ ನಿಲ್ಲಬಹುದು ಅಂತ ಕಿರುಚುತ್ತಿದ್ದೆ. ನಾನು ಅಂದದ್ದು ಇಷ್ಟು:

"ಕಂಬಿ ಹಿಡ್ಕೊಂಡು ಹತ್ತು. ಜಾರೀಯ."

ಅವಳು ನನ್ನ ಸೊಂಟ ತಬ್ಬಿಕೊಂಡಳು. "ನೀನೊಬ್ಬಳೇ ದೊಡ್ಡಮ್ಮ ನನ್ನ ಕಡೆ" ಅಂದಳು. ಆಮೇಲೆ ತಿರುಗಿ ಹತ್ತಲು ಶುರುಮಾಡಿದಳು. ಇನ್ನೂ ಮೂರು ಸಲ ಬಾಕಿ ಇತ್ತಂತೆ.

ಹದಿಮೂರನೇ ವಾರ ಪರೀಕ್ಷೆ. ಮಂಚದ ಮೇಲೆ ಮಲಗಿದಳು. ಕೊಳದ ವಾಸನೆ ಹೋಗಿತ್ತು, ಕೂದಲು ಮೆತ್ತಗಾಗಿತ್ತು. ಎದೆಗೆ ಆರು ಅಂಟಿಸಿದೆ, ಕೈಗೆ ಎರಡು ಹಾಕಿದೆ. ಕಾಲಿಗೆ ಕ್ಲಿಪ್ ಹಾಕಲು ಪೈಜಾಮ ಮೇಲೆ ಸರಿಸಿದರೆ, ಮೀನಖಂಡ ಕಲ್ಲು. ಮೂರು ತಿಂಗಳು ಕೂತ ಕಾಲು ಹಾಗಿರುವುದಿಲ್ಲ. ನಾನು ಪೈಜಾಮವನ್ನು ಸರಕ್ಕನೆ ಕೆಳಗೆಳೆದೆ. ಆಮೆ ನನ್ನತ್ತ ನೋಡಿ ಒಂದು ಕಣ್ಣು ಮಿಟುಕಿಸಿದಳು. ಕಾಗದ ಬಂತು. ನಲವತ್ತೆರಡು. ಓದಿ ಹೇಳಿದೆ. ಅವಳು ತುಟಿ ಕಚ್ಚಿ ನಗು ತಡೆದಳು.

ಎಕೋ ಮಾಡುವ ಮೊದಲು ಮೇಡಂ ಕೇಳಿದರು, "ಏನಮ್ಮಾ, ಪೂರ್ತಿ ವಿಶ್ರಾಂತಿ ತಗೊಂಡ್ಯಾ? ನಿಜ ಹೇಳು, ನಾನು ಬೈಯಲ್ಲ."

"ತಗೊಂಡೆ" ಅಂದಳು ಆಮೆ.

ಮೇಡಂ ಇಸಿಜಿ ಕಾಗದ ನೋಡಿದರು. ನಲವತ್ತೆರಡರ ಮೇಲೆ ಅವರ ಪೆನ್ನು ನಿಂತಿತು. ಆಮೇಲೆ ನನ್ನತ್ತ ತಿರುಗಿದರು. ಹನ್ನೆರಡು ವರ್ಷ ನನ್ನ ಜೊತೆ ಕೆಲಸ ಮಾಡಿದವರು, ನನ್ನ ಮಾತನ್ನು ಒಂದು ದಿನವೂ ಎರಡನೇ ಸಲ ಕೇಳಿದವರಲ್ಲ.

"ಮನೆಯವರು ನೀವು. ನಿಮಗೆ ಗೊತ್ತಿರತ್ತೆ. ನಾಡಿ ಇಷ್ಟು ಕಡಿಮೆ ಇದೆ. ಕೂತಿದ್ದು ನಿಜ ತಾನೆ?"

ಸೀಟಿ ಬಾಯಿ ಹಾಕಿದ, "ಬೀಗ ಹಾಕಿ ಇಟ್ಟಿದೀನಿ ಮೇಡಂ, ಬಟ್ಟೆನ."

"ನಾನು ಇವರನ್ನ ಕೇಳ್ತಿದೀನಿ."

"ಕಾಲು ಅಲ್ಲಾಡಿಸಿಲ್ಲ ಮೇಡಂ" ಅಂದೆ. "ನಾನೇ ಹೋಗಿ ಹೋಗಿ ನೋಡ್ತಿದ್ದೆ."

ಆಮೆಯ ಬೆರಳು ಮಂಚದಂಚಿನಿಂದ ಬಂದು ನನ್ನ ಸೀರೆಯ ನೆರಿಗೆಯನ್ನು ಒಂದು ಸಲ ಜಗ್ಗಿತು. ಧನ್ಯವಾದ ಹೇಳಿದ್ದು ಅದು.

ಗೋಡೆ ಹನ್ನೆರಡೇ ಇತ್ತು. ಹನ್ನೆರಡರ ಮೇಲೆ ಒಂದು ಕೂದಲೆಳೆ ಜಾಸ್ತಿ ಅಂತಲೇ ಹೇಳಬಹುದು. ಮೇಡಂ ಮೂರು ಸಲ ಅಳೆದರು. ಆಮೇಲೆ ಕೈ ಒರೆಸಿಕೊಂಡು, ಮಗುವನ್ನು ಹೊರಗೆ ಕಳಿಸದೆ, ಅವಳಿಗೂ ಅರ್ಥವಾಗಬೇಕು ಅಂತ ಅವಳ ಮುಂದೆಯೇ ಹೇಳಿದರು. ಈಜಿದ್ದರಿಂದ ಆದದ್ದಲ್ಲ. ಕಾಯಿಲೆ ಅಂತಲೇ ಇಟ್ಟುಕೊಳ್ಳಬೇಕು. ಸ್ಪರ್ಧೆ ಇನ್ನಿಲ್ಲ. ಈಜು, ಓಟ, ಭಾರ ಎತ್ತುವುದು ಯಾವುದೂ ಇಲ್ಲ. ನಿಧಾನವಾಗಿ ನಡೆಯಬಹುದು. ವರ್ಷಕ್ಕೊಂದು ಸಲ ಬಂದು ತೋರಿಸಬೇಕು.

ಸೀಟಿ ಮಗಳನ್ನು ನೋಡಿದ. "ನೀರಿಗಿಳಿದಿದ್ಯಾ?"

"ಇಲ್ಲ ಅಪ್ಪ. ನಿಮ್ಮಾಣೆ." ಅದು ನಿಜವೇ ಆಗಿತ್ತು.

"ಇನ್ನೊಂದು ಸಲ ಅಳೆದು ನೋಡಬಹುದಾ ಮೇಡಂ?"

"ಎಷ್ಟು ಸಲ ಅಳೆದ್ರೂ ಅಷ್ಟೇ ಬರತ್ತೆ."

ಅವನು ಅಲ್ಲೇ ಕುರ್ಚಿಯಲ್ಲಿ ಕೂತ. ಕತ್ತಿನ ಸೀಟಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಅವನು ಹಾಗೆ ಕುಸಿಯುವುದನ್ನು ನೋಡಬೇಕು ಅಂತ ಹನ್ನೊಂದು ವರ್ಷ ಕಾದವಳು ನಾನು. ನೋಡಿದೆ. ಸಮಾಧಾನವಾಯಿತು ಅಂದರೆ ನೀವು ಬೈಯುತ್ತೀರಿ, ಆದರೂ ಆಯಿತು. ಪಕ್ಕದಲ್ಲಿ ಮಗು ನಿಂತಿತ್ತು, ಅದರ ಮುಖ ನಾನು ಆಗ ನೋಡಲಿಲ್ಲ.

ಅವತ್ತೇ ಸಂಜೆ ಅವನು ಅವಳ ಪಟ್ಟಿಯನ್ನು ಮೊಳೆಯಿಂದ ತೆಗೆದು ಮನೆಗೆ ತಂದುಕೊಟ್ಟ. ಇಟ್ಟುಕೋ ಅಂದನಂತೆ. ಕೊಳದಲ್ಲಿ ಉಳಿದ ಪಟ್ಟಿಗಳೆಲ್ಲ ಒಂದೊಂದು ಮೊಳೆ ಮೇಲಕ್ಕೆ ಹೋದವು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗಳ ಕೈ ಮುಟ್ಟುವುದನ್ನು ಬಿಟ್ಟ, ಅಷ್ಟೇ. ಬಂದವರ ಮುಂದೆ ಅವಳಿಗೆ "ನೀನು ಒಳಗೆ ಹೋಗಿ ಮಲಕ್ಕೋ ಪುಟ್ಟಾ" ಅನ್ನುತ್ತಾನೆ, ಆಸ್ಪತ್ರೆಯಲ್ಲಿ ರೋಗಿಗಳ ಹತ್ತಿರ ನಾವು ಆಡುವ ದನಿಯಲ್ಲಿ. ಈಗ ಕಪ್ಪೆಯನ್ನು ಮನೆಗೆ ಊಟಕ್ಕೆ ಕರೆಯುತ್ತಾನಂತೆ. ಕ್ರೀಡಾ ಶಾಲೆಗೆ ಹೋದದ್ದೂ ಅವಳೇ. ತಂಗಿ ಮಗಳಿಗೆ ನೀರಿನ ಲೋಟವನ್ನೂ ಎತ್ತಲು ಬಿಡುವುದಿಲ್ಲ. ಶಾಲೆಯಲ್ಲಿ ಬೇರೆ ಮಕ್ಕಳು ಆಡುವಾಗ ಇವಳು ಕಿಟಕಿ ಪಕ್ಕ ಕೂತು ಅವರ ಚಪ್ಪಲಿ ಕಾಯುತ್ತಾಳೆ.

ಇದಾಗಿ ಐದು ತಿಂಗಳು. ಈಗ ಅವಳು ನಿಜವಾಗಿಯೂ ಕೂತಿದ್ದಾಳೆ. ಇನ್ನು ಏಳು ತಿಂಗಳಿಗೆ ಮೇಡಂ ಮತ್ತೆ ಅಳೆಯುತ್ತಾರೆ. ಹನ್ನೆರಡೇ ಬಂದರೆ ನಾನು ಮಗುವನ್ನು ಉಳಿಸಿದವಳು. ಒಂಬತ್ತು ಬಂದರೆ ನಾನೇನು ಅಂತ ನನಗೆ ಹೇಳಲು ಬಾಯಿಲ್ಲ. ಒಂಬತ್ತು ಬರಲಿ ಅಂತ ಬೇಡಿಕೊಳ್ಳಬೇಕಾದವಳು ನಾನು. ಹನ್ನೆರಡೇ ಬರಲಪ್ಪ ಅಂತ ಬೇಡಿಕೊಳ್ಳುತ್ತಿದ್ದೇನೆ. ತಂಗಿಯ ಮಗಳಿಗೆ ಕಾಯಿಲೆ ಇರಲಿ ಅಂತ.

ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ತಂಗಿ ಅಡುಗೆಮನೆಯಲ್ಲಿದ್ದಳು. ಆಮೆ ತನ್ನ ಕೋಣೆಯಲ್ಲಿ ಪುಸ್ತಕ ತೆರೆದು ಕೂತಿದ್ದಳು. ಈಗ ಯಾರೂ ಅವಳನ್ನು ಆಮೆ ಅನ್ನುವುದಿಲ್ಲ, ಮೊಲ ಅಂತಲೂ ಇಲ್ಲ, ನನಗೊಬ್ಬಳಿಗೆ ಬಾಯಿಗೆ ಅದೇ ಬರುತ್ತದೆ. ಮುಖ ದುಂಡಗಾಗಿದೆ. ಮೇಜಿನ ಮೇಲೆ ಆ ಪಟ್ಟಿ ಇತ್ತು. ಕೊನೆಯ ಎಣಿಕೆಯ ಮುಂದೆ ಅವಳೇ ತನ್ನ ಕೈಯಾರೆ ಮುಂದಿನ ತಿಂಗಳುಗಳ ಎಣಿಕೆಯನ್ನು ಬರೆದುಕೊಂಡಿದ್ದಳು. ಅರವತ್ತೆರಡು, ಅರವತ್ತಾರು, ಎಪ್ಪತ್ತು, ಎಪ್ಪತ್ತೆರಡು.

ಮಂಚದ ಮೇಲೆ ಕೂತೆ. ಅವಳು ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಕೇಳಿದಳು.

"ದೊಡ್ಡಮ್ಮ, ನಿಂಗೆ ಗೊತ್ತಿರತ್ತಲ್ಲ. ನಾನು ದಿನಾ ಹದಿನಾಲ್ಕು ಸಲ ಹತ್ತಿದ್ದೆ. ಇನ್ನೂ ಜಾಸ್ತಿ ಹತ್ತಬೇಕಿತ್ತಾ? ಅದಕ್ಕೇ ಫೇಲಾದ್ನಾ?"

ಆಗಲೂ ಹೇಳಬಹುದಿತ್ತು. ಅಡುಗೆಮನೆಯಲ್ಲಿ ತಂಗಿ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಹೇಳಿದರೆ ಈ ಮಗು ನನ್ನನ್ನು ಯಾವ ಕಣ್ಣಿನಿಂದ ನೋಡುತ್ತದೆ ಅಂತ ಒಂದು ಕ್ಷಣ ಯೋಚಿಸಿದೆ. ಅಷ್ಟು ಯೋಚಿಸಿದ್ದೇ ಸಾಕಾಯಿತು.

"ಹೂಂ" ಅಂದೆ. "ಇನ್ನೂ ಸ್ವಲ್ಪ ಹತ್ತಬೇಕಿತ್ತು."

ಅವಳು ತಲೆಯಾಡಿಸಿದಳು. ಅಳಲಿಲ್ಲ. ಕೊನೆಗೂ ಒಬ್ಬರು ನಿಜ ಹೇಳಿದರು ಎಂಬಂತೆ ಅವಳ ಮುಖ ಹಗುರಾಯಿತು.

"ನಂಗೆ ಗೊತ್ತಿತ್ತು" ಅಂದಳು. "ಕೊನೇ ವಾರ ಕಾಲು ನೋವು ಅಂತ ಎರಡು ದಿನ ತಪ್ಪಿಸಿದ್ದೆ. ನಂದೇ ತಪ್ಪು."

ಆಮೇಲೆ ಪುಸ್ತಕದ ಹಾಳೆ ತಿರುಗಿಸಿ ಓದಲು ಶುರುಮಾಡಿದಳು.